ಬಾಗಿಲ ಗಂಟೆಯೂ ಅಚೌರ್ಯಾಣುವ್ರತವೂ

ದೊಡ್ಡ ಜವಳಿ ಅಂಗಡಿಗಳಿಗೆ ಹೋಗಿಬಂದವರೆಲ್ಲರೂ ಬಾಗಿಲಿನ ಎರಡು ಪಕ್ಕಗಳಲ್ಲಿ ನಿಲ್ಲಿಸಿರುವ, ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಾದ ಕಂಬಗಳನ್ನು ಕಂಡಿರುತ್ತಾರೆ. ಅವುಗಳ ನಡುವೆ ನಡೆದುಹೋಗುವಾಗ ಹೆಚ್ಚಿನವರು ಅವುಗಳನ್ನು ಗಮನಿಸುವುದೂ ಇಲ್ಲ. ಸೀರೆಗೋ ಅಂಗಿಗೋ ಚುಚ್ಚಿರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಕಂಡವರೂ ಅದು ಬೆಲೆಚೀಟಿಗೆ ಸಂಬಂಧಿಸಿದ ಯಾವುದೋ ವಸ್ತುವೆಂದು ಭಾವಿಸಿ ಸುಮ್ಮನಾಗುತ್ತಾರೆ. ಹಣ ಪಾವತಿ ಮಾಡುವ ಕಟ್ಟೆಯಲ್ಲಿ ನೌಕರನು ಆ ಬಿಲ್ಲೆಯನ್ನು ಕಳಚಿಡುತ್ತಾನೆ. ಕಳಚಲು ಅವನು ಮರೆತ ದಿನ ಕಂಬಗಳು ಕೂಗಿಕೊಳ್ಳುತ್ತವೆ. ಅಂಗಡಿಯೆಲ್ಲ ತಿರುಗಿ ನೋಡುತ್ತದೆ. ಹಣ ಕೊಟ್ಟು ಹೊರಟ ಗೃಹಸ್ಥನು ಕಳ್ಳನಂತೆ ನಿಂತುಬಿಡುತ್ತಾನೆ. ಆ ಒಂದು ಕ್ಷಣದಲ್ಲಿ ಭಂಗ ಬಂದದ್ದು ಯಾರ ವ್ರತಕ್ಕೆ ಎಂಬುದು ಶ್ರಾವಕರು ಪರ್ಯಾಲೋಚಿಸತಕ್ಕ ವಿಷಯ. ಏಕೆಂದರೆ ಜೈನ ಸಮಾಜದಲ್ಲಿ ಆ ಕಂಬಗಳ ಒಳಗೆ ಕುಳಿತು ವ್ಯಾಪಾರ ಮಾಡುವವರೂ ಇದ್ದಾರೆ, ಅವುಗಳ ನಡುವೆ ಹೊರಗೆ ಬರುವವರೂ ಇದ್ದಾರೆ.

ಈ ಸಾಧನವು ಹುಟ್ಟಿದ್ದು ಅಮೆರಿಕದಲ್ಲಿ, 1960ರ ದಶಕದ ಮಧ್ಯಭಾಗದಲ್ಲಿ. ಓಹಿಯೊ ಪ್ರಾಂತದ ಆಕ್ರನ್ ನಗರದಲ್ಲಿ ದಿನಸಿ ಅಂಗಡಿಯೊಂದರ ವ್ಯವಸ್ಥಾಪಕರಾಗಿದ್ದ ರೊನಾಲ್ಡ್ ಅಸ್ಸಾಫ್ ಎಂಬವರು ಕಳ್ಳರ ಕಾಟದಿಂದ ಬೇಸತ್ತು ಇದರ ಯೋಚನೆಗೆ ತೊಡಗಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಆರ್ಥರ್ ಮಿನಾಸಿ ಎಂಬವರೂ ಪ್ರತ್ಯೇಕವಾಗಿ ಇಂಥದೇ ಬಿಲ್ಲೆಯನ್ನು ರೂಪಿಸಿದರು. ಅದಕ್ಕಿಂತ ಮೊದಲೇ ಬೇರೊಂದು ಸಂಗತಿ ನಡೆದಿತ್ತೆಂಬುದನ್ನು ಮರೆಯಲಾಗದು. 1916ರಲ್ಲಿ ಅದೇ ದೇಶದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕರು ಸ್ವಸೇವೆಯ ಅಂಗಡಿಯನ್ನು ತೆರೆದರು. ಅಲ್ಲಿಯವರೆಗೆ ಸರಕು ಕಟ್ಟೆಯ ಹಿಂದೆ ಇರುತ್ತಿತ್ತು. ಕೇಳಿದವರಿಗೆ ಅಂಗಡಿಯವನು ತೆಗೆದುಕೊಡುತ್ತಿದ್ದನು. ಸಾಂಡರ್ಸರ ಅಂಗಡಿಯಲ್ಲಿ ಗಿರಾಕಿಯೇ ಕಪಾಟುಗಳ ನಡುವೆ ಅಡ್ಡಾಡಿ ಬೇಕಾದುದನ್ನು ಕೈಯಾರೆ ಎತ್ತಿಕೊಳ್ಳಬಹುದಾಗಿತ್ತು. ನೌಕರರ ಸಂಬಳ ಉಳಿಯಿತು, ವ್ಯಾಪಾರ ಬೆಳೆಯಿತು, ಈ ಪದ್ಧತಿ ಲೋಕವೆಲ್ಲ ಹಬ್ಬಿತು.

ಹಳೆಯ ಪೇಟೆಯ ಜವಳಿ ಅಂಗಡಿಯನ್ನು ನೆನೆದರೆ ಈ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಅಲ್ಲಿ ಗಾದಿಯ ಮೇಲೆ ಶೆಟ್ಟರು ಕುಳಿತಿರುತ್ತಿದ್ದರು. ಬಂದವರೂ ಗಾದಿಯ ಮೇಲೆಯೇ ಕುಳಿತುಕೊಳ್ಳುತ್ತಿದ್ದರು. ಸೀರೆಗಳನ್ನು ಬಿಚ್ಚಿ ತೋರಿಸಿ ಮತ್ತೆ ಮಡಿಸಿಡುತ್ತಿದ್ದರು. ಕೊಡುವವನ ಕೈಯಿಂದ ಕೊಳ್ಳುವವನ ಕೈಗೆ ಹೋಗದ ವಸ್ತು ಯಾವುದೂ ಅಲ್ಲಿರಲಿಲ್ಲ. ಸ್ವಸೇವೆಯ ಅಂಗಡಿಯಾದರೋ ವಸ್ತುವನ್ನು ಕಣ್ಣಿನ ಎದುರಿಗೆ, ಕೈಯ ಹತ್ತಿರಕ್ಕೆ ತಂದಿಡುತ್ತದೆ. ಮುಟ್ಟಿ ನೋಡಿರೆಂದು ಆಹ್ವಾನಿಸುತ್ತದೆ. ಲೋಭ ಕಷಾಯವನ್ನು ಉದ್ದೀಪಿಸುವಂತೆ ದೀಪಗಳನ್ನು ಹಚ್ಚುತ್ತದೆ. ಆ ಉದ್ದೀಪನದಿಂದ ಲಾಭವನ್ನು ಪಡೆಯುವವನೂ ವರ್ತಕನೇ, ಅದೇ ಉದ್ದೀಪನವು ಒಂದು ಗೆರೆ ದಾಟಿದಾಗ ಗಂಟೆ ಬಾರಿಸುವವನೂ ಅವನೇ. ಕಳ್ಳತನ ಮಾಡಿದವನ ಪಾಪ ಇದರಿಂದ ಕಡಿಮೆಯಾಗುವುದಿಲ್ಲವೆಂಬುದು ನಿರ್ವಿವಾದ. ಆದರೆ ನಿಮಿತ್ತವನ್ನು ಒದಗಿಸಿದವನ ಲೆಕ್ಕವೂ ಒಂದಿದೆಯೆಂಬುದು ಕರ್ಮಸಿದ್ಧಾಂತವನ್ನು ಬಲ್ಲವರಿಗೆ ತಿಳಿಯದ ಮಾತಲ್ಲ.

ಬಿಲ್ಲೆಯ ಒಳಗಿನ ಕೌಶಲವು ಮೆಚ್ಚತಕ್ಕದ್ದೇ. ಒಂದು ಬಗೆಯದರಲ್ಲಿ ತೆಳುವಾದ ವಿಶೇಷ ಲೋಹದ ಪಟ್ಟಿಯಿರುತ್ತದೆ. ಬಾಗಿಲಿನ ಕಂಬವು ಸೆಕೆಂಡಿಗೆ ಸುಮಾರು 58,000 ಕಂಪನಗಳ ಕಾಂತೀಯ ಮಿಡಿತಗಳನ್ನು ಬಿಟ್ಟು ಬಿಟ್ಟು ಹೊರಡಿಸುತ್ತಿರುತ್ತದೆ. ಪಟ್ಟಿಯು ಅದಕ್ಕೆ ಅನುರಣಿಸಿ ನಡುಗುತ್ತದೆ; ಕಂಬವು ಮೌನವಾದ ಮೇಲೂ, ಬಡಿದ ತಾಳದಂತೆ ಒಂದಿಷ್ಟು ಹೊತ್ತು ಮಿಡಿಯುತ್ತಲೇ ಇರುತ್ತದೆ. ಆ ಮೌನದಲ್ಲಿ ಕಂಬವು ಕಿವಿಗೊಟ್ಟು ಈ ಮಿಡಿತವನ್ನು ಆಲಿಸುತ್ತದೆ. ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಕಾಂತವಿದ್ದು, ಹಣ ಪಾವತಿಯಾದಾಗ ಕಟ್ಟೆಯ ಮೇಲಿನ ಯಂತ್ರವು ಅದರ ಕಾಂತತ್ವವನ್ನು ಅಳಿಸಿದರೆ ಪಟ್ಟಿಯ ಶ್ರುತಿ ಬದಲಾಗಿ ಕಂಬಕ್ಕೆ ಕೇಳಿಸದಂತಾಗುತ್ತದೆ. ಇನ್ನೊಂದು ಬಗೆಯದರಲ್ಲಿ ಕಾಗದದಷ್ಟು ತೆಳ್ಳಗಿನ ಸುರುಳಿಯೂ ಧಾರಕವೂ ಕೂಡಿ ಸುಮಾರು 8.2 ಮೆಗಾಹರ್ಟ್ಸ್ ರೇಡಿಯೋ ಅಲೆಗೆ ಪ್ರತಿಕ್ರಿಯಿಸುತ್ತವೆ. ಕಟ್ಟೆಯಲ್ಲಿ ಆ ಧಾರಕವನ್ನು ಸುಟ್ಟು ಕೆಡಿಸಲಾಗುತ್ತದೆ. ಬಟ್ಟೆಗೆ ಚುಚ್ಚುವ ಗಟ್ಟಿ ಬಿಲ್ಲೆಯ ಮೊಳೆಯನ್ನು ಒಳಗಿನ ಸಣ್ಣ ಗುಂಡುಗಳು ಹಿಡಿದಿರುತ್ತವೆ. ಬಲವಾದ ಅಯಸ್ಕಾಂತ ಮಾತ್ರ ಆ ಹಿಡಿತವನ್ನು ಸಡಿಲಿಸಬಲ್ಲದು.

ಇಷ್ಟನ್ನು ವಿವರಿಸಿದ್ದು ಒಂದು ಮಾತಿಗಾಗಿ. ಈ ಬಿಲ್ಲೆಗೆ ತಿಳಿದಿರುವುದು ಏನು? ತನ್ನನ್ನು ಬಿಡುಗಡೆ ಮಾಡಲಾಗಿದೆಯೋ ಇಲ್ಲವೋ ಎಂಬುದು ಮಾತ್ರ. ಯಾರು ಹಿಡಿದಿದ್ದಾರೆ, ಏಕೆ ಹಿಡಿದಿದ್ದಾರೆ, ಹಣ ಸಂದಿದೆಯೋ ಇಲ್ಲವೋ ಇದೊಂದೂ ಅದಕ್ಕೆ ತಿಳಿಯದು. ಕಳ್ಳನು ಹೊತ್ತರೂ ಅದೇ ಸದ್ದು, ನೌಕರನು ಮರೆತರೂ ಅದೇ ಸದ್ದು, ಬೇರೆ ಅಂಗಡಿಯಲ್ಲಿ ಕೊಂಡು ಅಲ್ಲಿ ಸರಿಯಾಗಿ ಅಳಿಸದೆ ಬಿಟ್ಟ ಬಿಲ್ಲೆ ಚೀಲದಲ್ಲಿದ್ದರೂ ಎಷ್ಟೋ ವೇಳೆ ಅದೇ ಸದ್ದು. ಆಚಾರ್ಯ ಉಮಾಸ್ವಾಮಿಗಳು ಸ್ತೇಯಕ್ಕೆ ಕೊಟ್ಟ ಲಕ್ಷಣವು ಅದತ್ತಾದಾನ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವಿಕೆ. ಹಿಂಸೆಯ ಲಕ್ಷಣದಲ್ಲಿ ಹೇಳಿದ ಪ್ರಮತ್ತಯೋಗವು ಇಲ್ಲಿಗೂ ಅನ್ವಯಿಸುತ್ತದೆಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ಕಷಾಯದಿಂದ ಕೂಡಿದ ಮನಸ್ಸಿಲ್ಲದಿದ್ದರೆ ಕೈಯಲ್ಲಿರುವ ವಸ್ತು ಮಾತ್ರದಿಂದ ಕಳ್ಳತನವಾಗುವುದಿಲ್ಲ. ಬಿಲ್ಲೆಯು ಈ ಲಕ್ಷಣದ ಅರ್ಧವನ್ನು, ಅದೂ ತಪ್ಪುತಪ್ಪಾಗಿ ಬಲ್ಲದು. ಉಳಿದರ್ಧವನ್ನು ಅರಿಯುವ ಹೊಣೆ ಬಾಗಿಲಲ್ಲಿ ನಿಂತ ಮನುಷ್ಯನದು. ಅವನು ಆ ಹೊಣೆಯನ್ನು ಯಂತ್ರಕ್ಕೆ ಬಿಟ್ಟುಕೊಟ್ಟಾಗ ಅನರ್ಥವು ಆರಂಭವಾಗುತ್ತದೆ.

ಪುರಾಣ ಕಥೆಗಳಲ್ಲಿಯೂ ಇಂಥ ಗಂಟೆಯಿದೆ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಸಮ್ಯಗ್ದರ್ಶನದ ಎಂಟು ಅಂಗಗಳಿಗೆ ಉದಾಹರಣೆಯಾಗಿ ಹೇಳುವ ಕಥೆಗಳಲ್ಲಿ ಕಳ್ಳತನಕ್ಕೆ ಸಂಬಂಧಿಸಿದ ಎರಡನ್ನು ಇಲ್ಲಿ ನೆನೆಯಬಹುದು. ಎರಡರಲ್ಲಿಯೂ ಕದ್ದ ವಸ್ತುವೇ ಕಳ್ಳನನ್ನು ತೋರಿಸಿಕೊಡುತ್ತದೆ. ಸ್ಥಿತೀಕರಣ ಅಂಗದಲ್ಲಿ ಬರುವ ವಾರಿಷೇಣನು ಮಗಧದ ಶ್ರೇಣಿಕ ಮಹಾರಾಜನ ಮಗ. ಉಪವಾಸವ್ರತವನ್ನು ಕೈಗೊಂಡು ಚತುರ್ದಶಿಯ ರಾತ್ರಿ ಶ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿದ್ದನು. ಅದೇ ರಾತ್ರಿ ವಿದ್ಯುಚ್ಚೋರನು ವೇಶ್ಯೆಯೊಬ್ಬಳ ಬಯಕೆಯನ್ನು ತೀರಿಸಲು ಶ್ರೇಷ್ಠಿಯ ಮನೆಯಿಂದ ಹಾರವೊಂದನ್ನು ಕದ್ದು ಓಡುತ್ತಿದ್ದನು. ಹಾರದ ಹೊಳಪು ಕತ್ತಲೆಯಲ್ಲಿ ಮುಚ್ಚಲಾಗದೆ ತಳವಾರರ ಕಣ್ಣಿಗೆ ಬಿತ್ತು; ಅವರು ಬೆನ್ನಟ್ಟಿದರು. ಓಡಲಾರದೆ ಕಳ್ಳನು ಹಾರವನ್ನು ಧ್ಯಾನಸ್ಥ ರಾಜಕುಮಾರನ ಮುಂದೆ ಎಸೆದು ಮರೆಯಾದನು. ತಳವಾರರು ಬಂದು ನೋಡಿದಾಗ ಅಲ್ಲಿ ಹಾರವಿತ್ತು, ಅದರ ಹತ್ತಿರ ಒಬ್ಬ ಮನುಷ್ಯನಿದ್ದನು. ಅವರಿಗೆ ಅಷ್ಟೇ ಸಾಕಾಯಿತು. ಶ್ರೇಣಿಕನಿಗೂ ಅಷ್ಟೇ ಸಾಕಾಯಿತು. ಮಗನ ತಲೆ ಕಡಿಯಲು ಅಪ್ಪಣೆ ಕೊಟ್ಟನು. ಕತ್ತಿಯ ಏಟು ಕೊರಳಲ್ಲಿ ಹೂಮಾಲೆಯಾಯಿತೆಂದು ಕಥೆ ಹೇಳುತ್ತದೆ. ರಾಜನು ಓಡಿಬಂದು ಕ್ಷಮೆ ಕೇಳಿ ಮನೆಗೆ ಕರೆದರೂ ವಾರಿಷೇಣನು ಹಿಂದಿರುಗದೆ ಮುನಿದೀಕ್ಷೆಯನ್ನು ತೆಗೆದುಕೊಂಡನು.

ಈ ಕಥೆಯಲ್ಲಿ ಹಾರದ ಹೊಳಪು ಸುಳ್ಳು ಹೇಳಲಿಲ್ಲ. ಕದ್ದ ಹಾರವು ಇಲ್ಲಿದೆ ಎಂದಷ್ಟೇ ಅದು ಹೇಳಿತು, ಅದು ನಿಜವೇ ಆಗಿತ್ತು. ಸುಳ್ಳನ್ನು ಸೇರಿಸಿದವರು ತಳವಾರರು. ಅಂಗಡಿಯ ಬಾಗಿಲಲ್ಲಿ ಇಂದು ಆಗುವುದೂ ಇದೇ. ಮದುವೆಯ ಸೀರೆ ಕೊಂಡು ಮಗಳೊಡನೆ ಹೊರಟ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಕಟ್ಟೆಯ ನೌಕರನು ಹನ್ನೆರಡು ಸೀರೆಗಳಲ್ಲಿ ಹನ್ನೊಂದರ ಬಿಲ್ಲೆ ತೆಗೆದಿದ್ದಾನೆ. ಗಂಟೆ ಬಾರಿಸಿತು. ಕಾವಲುಗಾರನು ಕೈ ಅಡ್ಡ ಹಿಡಿದನು, ಚೀಲವನ್ನು ಜನರೆದುರು ಬಿಚ್ಚಿಸಿದನು, ಚೀಟಿ ತೋರಿಸಿರೆಂದನು. ಐದು ನಿಮಿಷದಲ್ಲಿ ಎಲ್ಲವೂ ಸರಿಹೋಯಿತು. ತಪ್ಪಾಯಿತೆಂದು ಯಾರೋ ಗೊಣಗಿದರು. ಅಂಗಡಿಯವರ ಪುಸ್ತಕದಲ್ಲಿ ಈ ಐದು ನಿಮಿಷಕ್ಕೆ ಯಾವ ಬೆಲೆಯೂ ಇಲ್ಲ. ಆದರೆ ಆ ಹುಡುಗಿ ತನ್ನ ತಾಯಿಯ ಮುಖವು ಕಪ್ಪಿಟ್ಟದ್ದನ್ನು ಕಂಡಿದ್ದಾಳೆ. ಧನವು ಮನುಷ್ಯನ ಬಹಿಃಪ್ರಾಣವೆಂದೂ ಅದನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸುತ್ತಾನೆಂದೂ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರೂಪಿಸಿದ್ದಾರೆ. ಧನವೇ ಪ್ರಾಣವಾದರೆ ಮಾನವು ಅದಕ್ಕಿಂತ ಒಳಗಿನ ಪ್ರಾಣವಲ್ಲವೆ? ಹೀಗಿರಲು ಇಲ್ಲಿ ಅದತ್ತವಾದುದನ್ನು ತೆಗೆದುಕೊಂಡವನು ಅಂಗಡಿಯವನೇ ಆಗುತ್ತಾನೆ. ನೌಕರನ ಮರೆವೆಂಬ ಸಮಾಧಾನವು ಇಲ್ಲಿ ನಿಲ್ಲದು. ಪ್ರಮಾದವೇ ಹಿಂಸೆಯ ಬೇರು ಎಂದ ಮೇಲೆ ಮರೆವನ್ನು ಲಘುವಾಗಿ ಎಣಿಸಲು ಜೈನಶಾಸ್ತ್ರದಲ್ಲಿ ಆಸ್ಪದವಿಲ್ಲ.

ಹಾಗಾದರೆ ಶ್ರಾವಕನು ಬಿಲ್ಲೆಯನ್ನು ಹಾಕಲೇಬಾರದೋ ಎಂದರೆ ಹಾಗೆ ಹೇಳುವುದು ದುಡುಕಾದೀತು. ಗೃಹಸ್ಥನು ಪರಿಗ್ರಹಪರಿಮಾಣ ಮಾಡಿಕೊಂಡವನೇ ಹೊರತು ಸರ್ವಪರಿಗ್ರಹತ್ಯಾಗಿಯಲ್ಲ. ತನ್ನವರನ್ನೂ ತನ್ನ ನ್ಯಾಯಾರ್ಜಿತವನ್ನೂ ಕಾಯುವ ಸಂದರ್ಭದಲ್ಲಿ ಉಂಟಾಗುವ ವಿರೋಧೀ ಹಿಂಸೆಯನ್ನು ಅವನಿಗೆ ಪೂರ್ಣವಾಗಿ ನಿಷೇಧಿಸಿಲ್ಲ. ಕೋಲು ಹಿಡಿದ ಕಾವಲುಗಾರನಿಗಿಂತಲೂ, ಹಗಲಿರುಳು ಗಿರಾಕಿಗಳನ್ನು ದಿಟ್ಟಿಸುವ ಕ್ಯಾಮೆರಾಕ್ಕಿಂತಲೂ ಈ ಬಿಲ್ಲೆಯೇ ಸೌಮ್ಯವಾದುದು. ಬಟ್ಟೆ ನೋಡಿ, ವಯಸ್ಸು ನೋಡಿ, ಜಾತಿ ನೋಡಿ ಸಂಶಯಿಸುವ ಕಾವಲುಗಾರನ ದುರಭ್ಯಾಸ ಅದಕ್ಕಿಲ್ಲ. ಅದು ಮನುಷ್ಯನನ್ನು ನೋಡುವುದೇ ಇಲ್ಲ. ಒಮ್ಮೊಮ್ಮೆ ಅದೇ ಅದರ ಗುಣ.

ಆದರೆ ಕಾಯುವವನ ಮನಸ್ಸಿನ ವಿಚಾರ ಬೇರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನಕ್ಕೆ ನಾಲ್ಕು ಆಧಾರಗಳನ್ನು ಹೇಳಿದೆ: ಹಿಂಸೆ, ಅನೃತ, ಸ್ತೇಯ ಮತ್ತು ವಿಷಯಸಂರಕ್ಷಣ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ಎಷ್ಟೋ ಮಂದಿ ಅದರ ನಾಲ್ಕನೆಯ ಪದವನ್ನು ನಿಂತು ನೋಡಿರಲಾರರು. ಮೂರನೆಯದು ಕದಿಯುವವನ ಚಿಂತನೆ, ನಾಲ್ಕನೆಯದು ಕಾಯುವವನ ಚಿಂತನೆ. ಕದಿಯುವ ಕ್ರೂರ ಏಕಾಗ್ರತೆಯನ್ನೂ, ತನ್ನದನ್ನು ಯಾರೂ ಮುಟ್ಟಬಾರದೆಂಬ ಕ್ರೂರ ಏಕಾಗ್ರತೆಯನ್ನೂ ಸೂತ್ರಕಾರರು ಒಂದೇ ಸಾಲಿನಲ್ಲಿ, ನೆರೆಹೊರೆಯಲ್ಲಿ ಕೂರಿಸಿದ್ದಾರೆ. ಕಳ್ಳನೂ ಧಣಿಯೂ ರಾತ್ರಿಯೆಲ್ಲ ಒಂದೇ ಪೆಟ್ಟಿಗೆಯನ್ನು ಧ್ಯಾನಿಸುತ್ತಾರೆ. ಒಬ್ಬನು ಗೋಡೆಯ ಹೊರಗಿನಿಂದ, ಇನ್ನೊಬ್ಬನು ಒಳಗಿನಿಂದ. ಪ್ರೋಷಧೋಪವಾಸ ಮಾಡಿ ಬಸದಿಯಲ್ಲಿ ಕುಳಿತ ವರ್ತಕನ ಮನಸ್ಸು ಅಂಗಡಿಯ ಬಾಗಿಲಿನ ಸದ್ದನ್ನು ಆಲಿಸುತ್ತಿದ್ದರೆ ಅವನು ತ್ಯಜಿಸಿದ್ದು ಅನ್ನವನ್ನು ಮಾತ್ರ.

ಇದಕ್ಕೆ ಪ್ರತಿಯಾಗಿ ಬಿಲ್ಲೆಯನ್ನು ಸಮರ್ಥಿಸುವವರು ಒಂದು ಮಾತು ಹೇಳಬಹುದು, ಅದರಲ್ಲಿ ಸತ್ಯವಿದೆ. ಬಿಲ್ಲೆ ಇರುವುದರಿಂದಲೇ ವರ್ತಕನು ನಿಶ್ಚಿಂತನಾಗಿ ಬಸದಿಗೆ ಹೋಗುತ್ತಾನೆ. ಕಾಯುವ ಕೆಲಸ ಯಂತ್ರದ್ದಾದ ಮೇಲೆ ಕಾಯುವ ಚಿಂತೆ ಅವನಿಗೆ ಉಳಿಯುವುದಿಲ್ಲ. ಹಾಗೆ ಆಗುವುದಾದರೆ ಅದು ಒಳ್ಳೆಯದೇ. ಬೀಗ ಹಾಕಿ ಬೀಗವನ್ನು ಮರೆಯಬಲ್ಲವನಿಗೆ ಬೀಗದಿಂದ ದೋಷವಿಲ್ಲ. ಆದರೆ ಬೀಗ ಹಾಕಿದ ಮೇಲೆ ಹತ್ತು ಹೆಜ್ಜೆ ನಡೆದು, ಹಿಂದಿರುಗಿ ಎಳೆದು ನೋಡುವವರೇ ಲೋಕದಲ್ಲಿ ಹೆಚ್ಚು.

ರಕ್ಷಣೆಯು ರೌದ್ರಕ್ಕೆ ತಿರುಗುವ ಗೆರೆಯನ್ನು ತೋರಿಸಲು ಮತ್ತೊಂದು ಬಗೆಯ ಬಿಲ್ಲೆಯನ್ನು ಹೆಸರಿಸಬಹುದು. ಅದರೊಳಗೆ ಶಾಯಿಯ ಸಣ್ಣ ಗಾಜಿನ ನಳಿಕೆಯಿರುತ್ತದೆ. ಬಲವಂತವಾಗಿ ಕಿತ್ತರೆ ನಳಿಕೆ ಒಡೆದು ಬಟ್ಟೆಯೆಲ್ಲ ಕಲೆಯಾಗಿ ಯಾರಿಗೂ ಬಾರದಂತಾಗುತ್ತದೆ. ಬಾಗಿಲ ಗಂಟೆಯು ವಸ್ತುವನ್ನು ಉಳಿಸಲು ಯತ್ನಿಸುತ್ತದೆ. ಶಾಯಿಯ ಬಿಲ್ಲೆಯಾದರೋ ನನಗೆ ದಕ್ಕದಿದ್ದರೆ ನಿನಗೂ ದಕ್ಕದಿರಲಿ ಎನ್ನುತ್ತದೆ. ನೇಕಾರನ ದಿನಗಟ್ಟಲೆಯ ಶ್ರಮವೂ, ರೇಷ್ಮೆಯಾದರೆ ಅದರಲ್ಲಿ ಬೆಂದ ಸಾವಿರಾರು ಜೀವಗಳೂ ಒಂದು ಹಟಕ್ಕೆ ಬಲಿಯಾಗುತ್ತವೆ. (ರೇಷ್ಮೆಯ ವ್ಯಾಪಾರವೇ ಶ್ರಾವಕನಿಗೆ ಉಚಿತವೋ ಎಂಬುದು ಬೇರೊಂದು ಚರ್ಚೆ.) ಹೆದರಿಕೆಯಿಂದಲೇ ಕಳ್ಳತನ ತಡೆಯುತ್ತದೆ, ನಳಿಕೆ ಒಡೆಯುವ ಪ್ರಸಂಗ ಅಪರೂಪ ಎಂದು ವಾದಿಸಬಹುದಾದರೂ, ಕೆಡಿಸಲು ಸಿದ್ಧವಾಗಿ ಕುಳಿತ ಸಂಕಲ್ಪವು ಶ್ರಾವಕನಿಗೆ ಶೋಭಿಸುವಂಥದಲ್ಲ.

ಕಾಯುವ ವಸ್ತು ಯಾರದೆಂಬುದನ್ನೂ ಇಲ್ಲಿ ವಿವೇಚಿಸಬೇಕು. ಗ್ರಂಥಾಲಯಗಳಲ್ಲಿ ಪುಸ್ತಕದ ಹೊಲಿಗೆಯ ನಡುವೆ ಕೂದಲೆಳೆಯಂಥ ಕಾಂತಪಟ್ಟಿಯನ್ನು ಅಡಗಿಸುವುದುಂಟು. ಪುಸ್ತಕ ಕೊಡುವಾಗ ಅದನ್ನು ನಿದ್ರೆಗೊಳಿಸಿ ಮರಳಿ ಬಂದಾಗ ಎಚ್ಚರಿಸುತ್ತಾರೆ. ಈಚೆಗೆ ಅನೇಕ ಗ್ರಂಥಾಲಯಗಳು ಪ್ರತಿ ಪುಸ್ತಕಕ್ಕೂ ತನ್ನದೇ ಸಂಖ್ಯೆಯಿರುವ ರೇಡಿಯೋ ಚೀಟಿಗಳನ್ನು ಅಂಟಿಸುತ್ತಿವೆ. ಗ್ರಂಥಪಾಲಕನು ಆ ಪುಸ್ತಕದ ಒಡೆಯನಲ್ಲ. ಮುಂದೆ ಬರಲಿರುವ ಓದುಗನ ಪರವಾಗಿ ಅವನು ಕಾಯುತ್ತಾನೆ. ಬಸದಿಯ ಆಡಳಿತ ನೋಡುವವರ ಸ್ಥಿತಿಯೂ ಇದೇ. 2013ರ ಜುಲೈಯಲ್ಲಿ ಮೂಡುಬಿದಿರೆಯ ಬಸದಿಯಿಂದ ಅಮೂಲ್ಯ ಬಿಂಬಗಳು ಕಳವಾದಾಗ ಸಮಾಜವೆಲ್ಲ ಮರುಗಿತು. ಅಂಥಲ್ಲಿ ಗುರುತು, ಛಾಯಾಚಿತ್ರ, ಗಂಟೆ, ಕಾವಲು ಇವುಗಳನ್ನು ಏರ್ಪಡಿಸುವುದು ಕೇವಲ ವಿಷಯಸಂರಕ್ಷಣವೆನಿಸದು, ಏರ್ಪಡಿಸದಿರುವುದೇ ಪ್ರಮಾದ. ತನ್ನದೆಂಬ ಮಮಕಾರವಿಲ್ಲದೆ ಕಾಯುವುದು ಸಾಧ್ಯವೆಂಬುದಕ್ಕೆ ಒಳ್ಳೆಯ ಗ್ರಂಥಪಾಲಕನೇ ಸಾಕ್ಷಿ.

ಗಂಟೆಯ ಭಯದಿಂದ ಕದಿಯದೆ ಇರುವವನಿಗೆ ಅಚೌರ್ಯಾಣುವ್ರತದ ಫಲವಿದೆಯೇ ಎಂದು ಕೆಲವರು ಕೇಳುವುದುಂಟು. ಇಲ್ಲ. ವ್ರತವು ಸಂಕಲ್ಪಪೂರ್ವಕವಾದುದು, ಅವಕಾಶವಿಲ್ಲದ ಮಾತ್ರಕ್ಕೆ ವ್ರತವಾಗುವುದಾದರೆ ಸೆರೆಮನೆಯಲ್ಲಿರುವವರೆಲ್ಲರೂ ವ್ರತಿಕರಾಗಬೇಕಾದೀತು. ಇದರಲ್ಲಿ ಹೆಚ್ಚು ಚರ್ಚಿಸತಕ್ಕದ್ದೇನೂ ಇಲ್ಲ.

ಚರ್ಚಿಸತಕ್ಕದ್ದು ಕಂಬಗಳ ದಿಕ್ಕನ್ನು ಕುರಿತು. ಅವು ಹೊರಗೆ ಹೋಗುವ ಸರಕಿಗೆ ಮಾತ್ರ ಕೂಗುತ್ತವೆ. ಆಚಾರ್ಯರು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನಾದರೂ ನೋಡಬಹುದು: ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿಗೆ ನಕಲಿಯನ್ನು ಬೆರೆಸಿ ಮಾರುವುದು. ಇವುಗಳಲ್ಲಿ ಜೇಬುಗಳ್ಳನ ಹೆಸರಿಲ್ಲ. ಬಹುಪಾಲು ವರ್ತಕನ ಗಾದಿಯ ಮೇಲೆಯೇ ನಡೆಯುವಂಥವು. ಗಜದಲ್ಲಿ ಒಂದು ಅಂಗುಲ ಕಡಿಮೆ ಅಳೆದಾಗ ಯಾವ ಕಂಬವೂ ಕೂಗುವುದಿಲ್ಲ. ಕೃತಕ ನೂಲನ್ನು ಶುದ್ಧ ರೇಷ್ಮೆಯೆಂದು ಮಾರಿದಾಗ ಯಾವ ಕೆಂಪು ದೀಪವೂ ಬೆಳಗುವುದಿಲ್ಲ. ಗಿರಾಕಿಯು ಕದ್ದದ್ದನ್ನು ಹಿಡಿಯುವ ಯಂತ್ರಕ್ಕೆ ಹಣ ಸುರಿದ ವರ್ತಕನು ತನ್ನ ತಕ್ಕಡಿಯನ್ನು ಕಾಲಕಾಲಕ್ಕೆ ಮುದ್ರೆ ಹಾಕಿಸಲು ಗೊಣಗುವುದು ಕಾಣದ ಸಂಗತಿಯಲ್ಲ.

ಇನ್ನು ಗಂಟೆ ಬಾರಿಸಿ, ಚೀಲದಲ್ಲಿ ನಿಜವಾಗಿಯೂ ಕದ್ದ ವಸ್ತು ಸಿಕ್ಕಿತೆನ್ನೋಣ. ಪಳಗಿದ ಕಳ್ಳನು ಇಂಥ ಬಿಲ್ಲೆಗಳನ್ನು ವಂಚಿಸುವ ಉಪಾಯಗಳನ್ನು ಬಲ್ಲನು. ಸಿಕ್ಕಿಬೀಳುವವನು ಬಹುಮಟ್ಟಿಗೆ ಹೊಸಬ, ಹುಡುಗ, ಆಸೆಗೆ ಒಳಗಾದ ಬಡವ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಇಲ್ಲಿ ಗಮನಾರ್ಹವಾದ ಒಂದು ಮೃದುತ್ವವನ್ನು ತೋರಿಸಿದೆ. ಕದ್ದುದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಾಗಿ, ಅದು ಮೊದಲ ಅಪರಾಧವಾಗಿ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅಪರಾಧಿಗೆ ಸಮುದಾಯ ಸೇವೆಯೇ ಶಿಕ್ಷೆ. ರಾಜಶಾಸನವೇ ಇಷ್ಟು ದೂರ ಬಂದಿರುವಾಗ ಶ್ರಾವಕನು ಅದಕ್ಕಿಂತ ಹಿಂದೆ ನಿಲ್ಲಬಾರದು. ಸಿಕ್ಕಿದ ಹುಡುಗನ ಚಿತ್ರವನ್ನು ತೆಗೆದು ಊರಿಗೆಲ್ಲ ಫೋನಿನಲ್ಲಿ ಹಂಚುವ ಪದ್ಧತಿ ಈಚೆಗೆ ಹಬ್ಬಿದೆ. ಒಂದು ಅಂಗಿಯ ಬೆಲೆಗೆ ಒಬ್ಬನ ಇಡೀ ಆಯುಷ್ಯದ ಮಾನವನ್ನು ವಸೂಲು ಮಾಡುವುದು ತೂಕದ ಅತಿಚಾರವಲ್ಲದೆ ಮತ್ತೇನು?

ಉಪಗೂಹನ ಅಂಗದ ಕಥೆಯಲ್ಲಿ ಬರುವ ಜಿನೇಂದ್ರಭಕ್ತ ಶ್ರೇಷ್ಠಿಯ ನಡತೆಯನ್ನು ಇದಕ್ಕೆ ಎದುರಾಗಿ ಇಡಬಹುದು. ತಾಮ್ರಲಿಪ್ತ ನಗರದಲ್ಲಿ ಅವನ ಮನೆಯ ಮೇಲಂತಸ್ತಿನ ಚೈತ್ಯಾಲಯದಲ್ಲಿ ಪಾರ್ಶ್ವನಾಥಸ್ವಾಮಿಯ ಬಿಂಬದ ಛತ್ರಕ್ಕೆ ಅಮೂಲ್ಯವಾದ ವೈಡೂರ್ಯವನ್ನು ಕೂರಿಸಲಾಗಿತ್ತು. ಸೂರ್ಯನೆಂಬ ಚೋರನು ಕ್ಷುಲ್ಲಕನ ವೇಷ ಧರಿಸಿ, ಉಪವಾಸಗಳಿಂದ ದೇಹವನ್ನು ಬಳಲಿಸಿ, ಶ್ರೇಷ್ಠಿಯ ವಿಶ್ವಾಸ ಗಳಿಸಿ ಅದೇ ಚೈತ್ಯಾಲಯದಲ್ಲಿ ಇಳಿದುಕೊಂಡನು. ಶ್ರೇಷ್ಠಿಯು ಪ್ರಯಾಣ ಹೊರಟು ಊರ ಹೊರಗೆ ಬೀಡುಬಿಟ್ಟಿದ್ದ ರಾತ್ರಿ ಮಣಿಯನ್ನು ಕಿತ್ತುಕೊಂಡು ಹೊರಟನು. ಇಲ್ಲಿಯೂ ಮಣಿಯ ಬೆಳಕೇ ಅವನನ್ನು ತಳವಾರರಿಗೆ ತೋರಿಸಿಕೊಟ್ಟಿತು. ಬೇರೆ ದಾರಿ ಕಾಣದೆ ಅವನು ಓಡಿಬಂದು ಶ್ರೇಷ್ಠಿಯ ಕಾಲಿಗೇ ಬಿದ್ದನು. ಹಿಂದೆಯೇ ಗದ್ದಲ ಮಾಡುತ್ತ ತಳವಾರರು ಬಂದರು. ಒಂದು ನೋಟದಲ್ಲಿ ಶ್ರೇಷ್ಠಿಗೆ ಎಲ್ಲವೂ ತಿಳಿಯಿತು. ಆದರೂ ಈತನು ತನ್ನ ಮಾತಿನಂತೆಯೇ ರತ್ನವನ್ನು ತಂದಿದ್ದಾನೆಂದೂ, ತಪಸ್ವಿಯನ್ನು ಕಳ್ಳನೆಂದು ಕೂಗಿದ್ದು ಸರಿಯಲ್ಲವೆಂದೂ ಹೇಳಿ ಅವರನ್ನು ಕಳುಹಿಸಿಬಿಟ್ಟನು.

ಶ್ರೇಷ್ಠಿಯು ಆಡಿದ್ದು ಸುಳ್ಳಲ್ಲವೇ ಎಂಬ ಆಕ್ಷೇಪವು ಹಳೆಯದು. ಪರರಿಗೆ ವಿಪತ್ತನ್ನು ತರುವ ಸತ್ಯವನ್ನು ಸ್ಥೂಲಸತ್ಯವ್ರತಿಯು ನುಡಿಯಬೇಕಾಗಿಲ್ಲವೆಂದು ಸಮಂತಭದ್ರಾಚಾರ್ಯರ ಮತ. ಮಾರ್ಗಕ್ಕೆ ಬರಬಹುದಾಗಿದ್ದ ನಿಂದೆಯನ್ನು ತಡೆಯುವುದು ಶ್ರೇಷ್ಠಿಯ ಉದ್ದೇಶವಾಗಿತ್ತೇ ಹೊರತು ಕಳ್ಳನಿಗೆ ಕಳ್ಳತನದಲ್ಲಿ ನೆರವಾಗುವುದಲ್ಲ. ಆದುದರಿಂದ ಪ್ರತಿ ಅಂಗಡಿಯವನೂ ಸಿಕ್ಕವನ ಪರವಾಗಿ ಸುಳ್ಳು ನುಡಿಯಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಥೆಯ ಮುಂದಿನ ಭಾಗವನ್ನು ಮಾತ್ರ ಹೇಳುವವರು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ತಳವಾರರು ಮರೆಯಾದ ಮೇಲೆ ಶ್ರೇಷ್ಠಿಯು ಮಣಿಯನ್ನು ಹಿಂದಕ್ಕೆ ತೆಗೆದುಕೊಂಡನು. ಬೆಳಗಾಗುವವರೆಗೆ ಕಾಯದೆ, ಜನರ ಕಣ್ಣಿಗೆ ಬೀಳದಂತೆ, ಆ ರಾತ್ರಿಯೇ ಅವನನ್ನು ಅಲ್ಲಿಂದ ಕಳುಹಿಸಿಬಿಟ್ಟನು.